ಓದು ಬಂತೆಂದು ಹೇಳಿಬಿಟ್ಟ ಟೀಚರು

ಶಿವಕುಮಾರಿ ಟೀಚರಿಗೆ ಒಂದು ಕಡೆ ಕೂತು ಗೊತ್ತಿಲ್ಲ. ನಲಿ-ಕಲಿ ಕೋಣೆಯಲ್ಲಿ ಹೇಗೂ ಕುರ್ಚಿಗೆ ಕೆಲಸವಿಲ್ಲ. ಒಂದು, ಎರಡು, ಮೂರನೆಯ ತರಗತಿಯ ಮಕ್ಕಳೆಲ್ಲ ಒಂದೇ ಕೋಣೆಯಲ್ಲಿ ನೆಲದ ಮೇಲೆ ಗುಂಪು ಗುಂಪಾಗಿ ಕೂರುತ್ತಾರೆ, ಟೀಚರು ಒಂದು ಗುಂಪಿನಿಂದ ಇನ್ನೊಂದಕ್ಕೆ ಓಡಾಡುತ್ತಿರಬೇಕು. ಆದರೆ ಈಕೆ ಬಿಸಿಯೂಟದ ಹೊತ್ತಿನಲ್ಲೂ ತಟ್ಟೆ ಕೈಯಲ್ಲಿ ಹಿಡಿದು ಜಗುಲಿಯ ಉದ್ದಕ್ಕೂ ನಡೆಯುತ್ತಲೇ ಉಣ್ಣುತ್ತಾಳೆ. ಬೆಳಿಗ್ಗೆ ಏಳೂಮುಕ್ಕಾಲಿಗೆ ಲಿಂಗಸುಗೂರಿನಲ್ಲಿ ಬಸ್ಸು ಹತ್ತಿ ಮಸ್ಕಿಗೆ ಬಂದು, ಅಲ್ಲಿಂದ ಸಿಂಧನೂರು ಬಸ್ಸಿನಲ್ಲಿ ಎಂಟು ಕಿಲೋಮೀಟರ್ ಹೋಗಿ ಕ್ರಾಸಿನಲ್ಲಿ ಇಳಿಯುತ್ತಾಳೆ. ಕ್ರಾಸಿನಿಂದ ಶಾಲೆಗೆ ಒಂದೂವರೆ ಕಿಲೋಮೀಟರ್. ಟಂಟಂ ಆಟೋ ನಿಂತು ಕರೆದರೂ ಹತ್ತುವುದಿಲ್ಲ.

"ಕಾಲಿಗೆ ಚಕ್ರ ಕಟ್ಕೊಂಡು ಹುಟ್ಟೀರಿ ಮೇಡಂ ನೀವು" ಎಂದು ಹೆಡ್‌ಮಾಸ್ತರ್ ಅಮರಗುಂಡಪ್ಪ ನಗುತ್ತಾರೆ. ಅವರು ಕೂತರೆ ಏಳುವ ಜಾತಿಯವರಲ್ಲ.

ಅವಳ ತಂದೆಯದು ಲಿಂಗಸುಗೂರಿನಲ್ಲಿ ಬಟ್ಟೆ ಅಂಗಡಿ. ಬಿ.ಎಸ್ಸಿ. ಓದುವಾಗ ರಸಾಯನಶಾಸ್ತ್ರದ ಪ್ರಯೋಗಾಲಯವೆಂದರೆ ಅವಳಿಗೆ ಜೀವ. ಬ್ಯುರೆಟ್ಟಿನಿಂದ ಹನಿ ಹನಿಯಾಗಿ ಬಿಟ್ಟು, ದ್ರಾವಣ ಬಣ್ಣ ತಿರುಗುವ ಆ ಒಂದು ಹನಿಯನ್ನು ಹಿಡಿಯಲು ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದಳು. ಎಂ.ಎಸ್ಸಿ.ಗೆ ಕಲಬುರಗಿಗೆ ಹೋಗುವ ಮಾತು ಮನೆಯಲ್ಲಿ ಎರಡು ವರ್ಷ ನಡೆಯಿತು, ಹೋಗುವುದು ನಡೆಯಲಿಲ್ಲ. ಡಿ.ಎಡ್. ಮಾಡಿದಳು, ಕೆಲಸ ಸಿಕ್ಕಿತು, ಹಟ್ಟಿಯ ಗಣಿಯಲ್ಲಿ ಪಾಳಿ ಕೆಲಸದ ಗುರುಬಸವನ ಜೊತೆ ಮದುವೆಯಾಯಿತು. ಈ ಶಾಲೆಗೆ ಬಂದು ಹನ್ನೊಂದು ವರ್ಷ. ಪ್ರಯೋಗಾಲಯದಿಂದ ಅವಳ ಜೊತೆ ಉಳಿದು ಬಂದದ್ದು ಒಂದು ಅಭ್ಯಾಸ ಮಾತ್ರ. ಗ್ರಾಫ್ ಹಾಳೆಯ ನೋಟ್‌ಬುಕ್ಕಿನಲ್ಲಿ ಪ್ರತಿ ಮಗುವಿಗೆ ಒಂದು ಪುಟ. ವಾರಕ್ಕೊಮ್ಮೆ ಆ ಮಗು ಎಷ್ಟು ಅಕ್ಷರ, ಎಷ್ಟು ಪದ, ಎಷ್ಟು ಸಾಲು ಓದಿತು ಎಂದು ತಾರೀಕು ಹಾಕಿ ಚುಕ್ಕೆ ಇಟ್ಟು ಗೆರೆ ಎಳೆಯುತ್ತಾಳೆ. ಇಲಾಖೆ ಇದನ್ನು ಕೇಳಿಲ್ಲ.

ಆ ನೋಟ್‌ಬುಕ್ಕಿನಲ್ಲಿ ಎಲ್ಲಕ್ಕಿಂತ ಎತ್ತರಕ್ಕೆ ಏರಿದ್ದ ಗೆರೆ ಎರಡನೆಯ ತರಗತಿಯ ಮಹೇಶ್ವರಿಯದು. ಏಳು ವರ್ಷದ ಹುಡುಗಿ. ಅಪ್ಪ ಗ್ಯಾನಪ್ಪ ದೀಪಾವಳಿ ಮುಗಿದರೆ ಯುಗಾದಿಯವರೆಗೆ ಕುರಿ ಹಿಂಡಿನ ಹಿಂದೆ ಊರೂರು ತಿರುಗುವವನು. ಅವ್ವ ಮುದುಕಮ್ಮ ಕೂಲಿಗೆ ಹೋಗುವವಳು. ಮನೆಯಲ್ಲಿ ಕಣ್ಣು ಮಂಜಾದ ಅಜ್ಜಿ, ಒಂದೂವರೆ ವರ್ಷದ ತಮ್ಮ ಸಿದ್ದರಾಮ. ಹಿಂದಿನ ನವೆಂಬರಿನ ಪೋಷಕರ ಸಭೆಯಲ್ಲಿ ಮಹೇಶ್ವರಿ ಎಲ್ಲರೆದುರು ಕಾರ್ಡು ಹಿಡಿದು, ಸಾಲಿನ ಕೆಳಗೆ ಬೆರಳು ಓಡಿಸುತ್ತ, ಎಂಟು ಸಾಲನ್ನು ಎಲ್ಲೂ ತಡವರಿಸದೆ ಓದಿದ್ದಳು. ಮುದುಕಮ್ಮ ಸೆರಗು ಬಾಯಿಗೆ ಹಿಡಿದು ನಕ್ಕಿದ್ದಳು.

"ಖರೇನಾ ಅಕ್ಕೋರ? ಇಷ್ಟು ಜಲ್ದಿ ಬಂತಾ?"

"ಖರೇನ್ರೀ ಮುದುಕಮ್ಮ. ನಿಮ್ಮ ಮಗಳಿಗೆ ಓದು ಬಂತು. ಇನ್ನ ಆಕಿದೇನೂ ಚಿಂತಿಲ್ಲ."

ಈ ಕೊನೆಯ ಮಾತು ಹೇಳುವಾಗ ಶಿವಕುಮಾರಿಗೆ ಅದು ತೂಗಿ ನೋಡಬೇಕಾದ ಮಾತು ಎನ್ನಿಸಿರಲಿಲ್ಲ.

ಡಿಸೆಂಬರ್ ಕೊನೆಗೆ ಬೀರುವಿಗೆ ಗೆದ್ದಲು ಹಿಡಿಯಿತು. ಇಲಾಖೆಯಿಂದ ಹೊಸ ಪುಸ್ತಕಗಳು ಬಂದಿದ್ದರೂ ಅವಳು ಹಳೆಯ ಓದುವ ಕಾರ್ಡುಗಳನ್ನು ಬಿಟ್ಟಿರಲಿಲ್ಲ. ಮಕ್ಕಳ ಕೈಗೆ ಅವು ಒಗ್ಗಿದ್ದವು. ಅರ್ಧಕ್ಕರ್ಧ ಕಾರ್ಡು ಪುಡಿಯಾಗಿದ್ದವು. ಶಿವಕುಮಾರಿ ಓಣಿಯಲ್ಲೆಲ್ಲ ತಿರುಗಿ ಹಳೆಯ ಲಗ್ನಪತ್ರಿಕೆ ಕೂಡಿಸಿ, ಅವುಗಳ ಬಿಳಿಯ ಬೆನ್ನಿನ ಮೇಲೆ ದಪ್ಪ ಸ್ಕೆಚ್ ಪೆನ್ನಿನಿಂದ ಅದೇ ಪಾಠಗಳನ್ನು ಬರೆದಳು. ಹಳೆಯ ಕಾರ್ಡಿನ ಮೂಲೆಯಲ್ಲಿ ಇಲಿ, ಆನೆ, ಗುಬ್ಬಿ ಎಂದು ಒಂದೊಂದು ಚಿತ್ರವಿರುತ್ತಿತ್ತು. ಇವಳು ಚಿತ್ರದ ತಂಟೆಗೆ ಹೋಗಲಿಲ್ಲ. ಕಾಲೇಜಿನ ರೆಕಾರ್ಡಿನಲ್ಲಿ ಅವಳ ಕಪ್ಪೆಗೂ ಜಿರಳೆಗೂ ಹೆಚ್ಚು ವ್ಯತ್ಯಾಸವಿರಲಿಲ್ಲ.

ಜನವರಿಯ ಮೊದಲ ಸೋಮವಾರ ಹೊಸ ಕಾರ್ಡೊಂದನ್ನು ಮಹೇಶ್ವರಿಯ ಕೈಗೆ ಕೊಟ್ಟಳು. ಹುಡುಗಿ ಅದನ್ನು ತಿರುವಿ ಆಚೆ ಬದಿಯ ಮದುಮಕ್ಕಳ ಹೆಸರು ನೋಡಿದಳು, ಮತ್ತೆ ಈಚೆ ತಿರುವಿದಳು.

"ಟೀಚರ್, ಇದು ಯಾವುದ್ರೀ? ಇಲಿದಾ, ಆನಿದಾ?"

"ಚಿತ್ರ ಇಲ್ಲ. ಓದು, ಗೊತ್ತಾಕೈತಿ."

ಮಹೇಶ್ವರಿ ಬೆರಳನ್ನು ಮೊದಲ ಸಾಲಿನ ಕೆಳಗೆ ಇಟ್ಟು, ಗಂಟಲು ಎತ್ತರಿಸಿ ಶುರುಮಾಡಿದಳು. "ಅಜ್ಜ ಸಂತೆಗೆ ಹೋದ. ಬದನೆಕಾಯಿ ತಂದ. ಅಜ್ಜಿ ಪಲ್ಯ ಮಾಡಿದಳು..."

ಪಕ್ಕದಲ್ಲಿದ್ದ ಮೂರನೆಯ ತರಗತಿಯ ಗೌಸಿಯಾ ಕತ್ತು ಚಾಚಿ ಕಾರ್ಡು ನೋಡಿ ಕಿಸಕ್ಕನೆ ನಕ್ಕಳು. "ಟೀಚರ್, ಆಕಿ ಬ್ಯಾರೇದ ಓದಾಕತ್ಯಾಳ್ರೀ. ಅದರಾಗ ಅಜ್ಜ ಎಲ್ಲದಾನ? ಕಾಗಿ ಐತಿ, ಕೊಡ ಐತಿ."

ಶಿವಕುಮಾರಿ ಮೊದಲು ದೂರಿದ್ದು ತನ್ನ ಕೈಬರಹವನ್ನು. ಗೆದ್ದಲು ಬಿಟ್ಟ ಹಳೆಯ ಕಾರ್ಡುಗಳಲ್ಲಿ ಒಂದನ್ನು ತಂದು, ಮೂಲೆಯ ಚಿತ್ರವನ್ನು ಅಂಗೈಯಿಂದ ಮುಚ್ಚಿ ಕೊಟ್ಟಳು. ಮಹೇಶ್ವರಿ ಪಟಪಟನೆ ಓದಿದಳು. ಉಸಿರು ಬಂತು. ಆದರೆ ಕಾಲೇಜಿನ ಅಭ್ಯಾಸ ಅಲ್ಲಿಗೇ ಬಿಡಲಿಲ್ಲ. ಬಿಳಿ ಹಾಳೆಯ ಮೇಲೆ "ಅಜ್ಜ ಸಂತೆಗೆ ಹೋದ. ಬಾಳೆಹಣ್ಣು ತಂದ" ಎಂದು ಬರೆದು ಕೊಟ್ಟಳು. ಎರಡು ಸಾಲಿನಲ್ಲಿ ಬದಲಾದದ್ದು ಒಂದೇ ಒಂದು ಪದ.

"ಇದು ಅಜ್ಜಂದು ನೋಡು" ಎಂದಳು ಟೀಚರು.

"ಅಜ್ಜ ಸಂತೆಗೆ ಹೋದ. ಬದನೆಕಾಯಿ ತಂದ."

ಮೂರು ಸಲ ಕೇಳಿದರೂ ಅಜ್ಜ ಬದನೆಕಾಯಿಯನ್ನೇ ತಂದ.

"ಮುಂಚಿನ ಕಾರ್ಡು ಯಾವುದು ಅಂತ ಹೆಂಗ ಗೊತ್ತಾತವ್ವ ನಿನಗ? ಚಿತ್ರ ಮುಚ್ಚಿದ್ದೆನಲ್ಲ."

ಮಹೇಶ್ವರಿ ಹೆಮ್ಮೆಯಿಂದ ಹೇಳಿದಳು. "ಎಣ್ಣಿ ಕಲಿ ಇದ್ದಿದ್ದು ಅಜ್ಜಂದು. ಮೂಲಿ ಹರದದ್ದು ಗುಬ್ಬಿದು. ನಡುವ ಮಡಚಿದ್ದು ಇಲಿದು." ಟೀಚರಿನ ಮುಖ ನೋಡಿ ಅವಳ ದನಿ ಸಣ್ಣಗಾಯಿತು. "ಓದೂದಂದ್ರ ಹಂಗ ಅಲ್ಲೇನ್ರೀ?"

ಹೇಗಾಯಿತು ಎನ್ನುವುದು ಕಾಣಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಮೂರೂ ತರಗತಿ ಒಂದೇ ಕೋಣೆ. ಒಂದನೆಯ ತರಗತಿಯ ಮಗು ತನ್ನ ಗುಂಪಿನಲ್ಲಿ ಕೂತೇ ಎರಡು, ಮೂರನೆಯವರು ಗಟ್ಟಿಯಾಗಿ ಓದುವುದನ್ನು ವರ್ಷವಿಡೀ ಕೇಳುತ್ತದೆ. ಕಿವಿ ಚುರುಕಾಗಿದ್ದ ಮಹೇಶ್ವರಿ ಒಂದೂವರೆ ವರ್ಷದಲ್ಲಿ ಕೋಣೆಯಲ್ಲಿದ್ದ ಅಷ್ಟೂ ಕಾರ್ಡನ್ನು ಬಾಯಿಗೆ ಹಾಕಿಕೊಂಡಿದ್ದಳು. ಬೆರಳು ಓಡಿಸುವುದನ್ನೂ ದೊಡ್ಡವರನ್ನು ನೋಡಿ ಕಲಿತಿದ್ದಳು. ಅಕ್ಷರದ ಕೆಲಸ ಬಿದ್ದೇ ಇರಲಿಲ್ಲ. ವಾರ ವಾರ ಚುಕ್ಕೆ ಇಟ್ಟು ಗೆರೆ ಎಳೆದವಳಿಗೆ ತಾನು ಅಳೆಯುತ್ತಿರುವುದು ಏನನ್ನು ಎಂಬುದೇ ಗೊತ್ತಿರಲಿಲ್ಲ.

ಎರಡು ದಿನ ಶಿವಕುಮಾರಿ ಇಪ್ಪತ್ಮೂರು ಮಕ್ಕಳನ್ನೂ ಒಬ್ಬೊಬ್ಬರಾಗಿ ಜಗುಲಿಗೆ ಕರೆದು, ಯಾರೂ ಕೇಳಿರದ ಸಾಲುಗಳನ್ನು ಬರೆದು ಓದಿಸಿದಳು. ಓದುತ್ತಾರೆಂದು ಅವಳು ಗುರುತು ಹಾಕಿದ್ದು ಹದಿನೆಂಟು ಮಕ್ಕಳಿಗೆ. ನಿಜಕ್ಕೂ ಓದಿದವರು ಒಂಬತ್ತು. ಗೌಸಿಯಾ ನಿಧಾನವಾಗಿ, ಆದರೆ ಸರಿಯಾಗಿ ಓದಿದಳು. ಇನ್ನು ಕೆಲವರಿಗೆ ಅಕ್ಷರವಾದರೂ ಗೊತ್ತಿತ್ತು. ಮಹೇಶ್ವರಿಗೆ ತನ್ನ ಹೆಸರಿನ 'ಮ' ಒಂದು ಬರುತ್ತಿತ್ತು, ಉಳಿದದ್ದರಲ್ಲಿ ಬಹುಪಾಲು ಬರುತ್ತಿರಲಿಲ್ಲ.

ಅಮರಗುಂಡಪ್ಪನವರು ಕನ್ನಡಕ ಹಣೆಗೇರಿಸಿ ಎಲ್ಲ ಕೇಳಿದರು.

"ಮೇಡಂ, ಮುಂದಿನ ವಾರ ಕ್ಲಸ್ಟರಿನ್ಯಾಗ ಗಟ್ಟಿ ಓದಿನ ಸ್ಪರ್ಧೆ. ನಾ ಆ ಹುಡುಗಿ ಹೆಸರು ಕೊಟ್ಟು ಕುಂತೀನಿ. ಅಜ್ಜನ ಕಾರ್ಡು ಕೊಟ್ಟು ಕಳಸ್ರಿ, ಫಸ್ಟ್ ಬರ್ತಾಳ."

"ಆಕಿಗೆ ಓದಾಕ ಬರಲ್ಲ ಸರ್."

"ನಿಮಗ ಗೊತ್ತು, ನನಗ ಗೊತ್ತು. ಅಲ್ಲಿರೋ ಮಂದಿಗೆ ಯಾರ್ ಹೇಳ್ತಾರ?"

"ಆಕಿಗೇ ಗೊತ್ತಿಲ್ಲಲ್ರೀ ಸರ್. ಬಹುಮಾನ ಬಂದ್ರ ಅದ ಓದು ಅಂತ ತಿಳಕೋತಾಳ."

ಅವರು ಕನ್ನಡಕ ಇಳಿಸಿ ಕಾಗದ ಎಳೆದುಕೊಂಡರು. "ಬಿ.ಎಸ್ಸಿ. ಓದಿದವ್ರ ಕೂಡ ನೌಕರಿ ಮಾಡೂದು ಬಲು ಕಷ್ಟ" ಎಂದು ಗೊಣಗುತ್ತ ಮಹೇಶ್ವರಿಯ ಹೆಸರು ಹೊಡೆದು ಗೌಸಿಯಾಳದು ಬರೆದರು.

ಇನ್ನು ಎರಡು ತಿಂಗಳು ಕೈಯಲ್ಲಿವೆ, ಮೊದಲಿನಿಂದ ಹಿಡಿದರೆ ಆದೀತು ಎಂದು ಶಿವಕುಮಾರಿ ಲೆಕ್ಕ ಹಾಕಿದ್ದಳು. ಶುಕ್ರವಾರ ಸಂಜೆ ಶಾಲೆ ಬಿಡುವಾಗ ಮಹೇಶ್ವರಿ ಬಾಗಿಲಲ್ಲಿ ನಿಂತು ಹೇಳಿದಳು.

"ಟೀಚರ್, ನಾ ಸೋಮವಾರದಿಂದ ಬರಲ್ರೀ. ಜವಳಗೇರಾ ಕಡೆ ಹೋಗಾಕತ್ತೀವಿ. ಅವ್ವ ನೆಲ್ಲು ಹಚ್ಚಾಕ, ನಾ ತಮ್ಮನ್ನ ಹಿಡಿಯಾಕ."

ಆ ವರ್ಷ ಕಾಲುವೆಗೆ ಎರಡನೆಯ ಬೆಳೆಯ ನೀರು ಬಿಟ್ಟಿದ್ದರು. ಹೆಂಗಸರ ಗುಂಪುಗಳು ಗದ್ದೆಯ ಬದಿಯಲ್ಲೇ ಗುಡಿಸಲು ಹಾಕಿಕೊಂಡು ನಾಟಿ ಮುಗಿಯುವವರೆಗೆ ಅಲ್ಲೇ ಉಳಿಯುತ್ತಿದ್ದವು.

"ಯಾವಾಗ ಬರ್ತೀರಿ?"

"ನೆಲ್ಲು ಆದಮ್ಯಾಲೆ ಮೆಣಸಿನಕಾಯಿ ಬಿಡಸೂದೈತಿ. ಅದು ಮುಗಿಸಿ." ಹುಡುಗಿ ಚೀಲ ಹೆಗಲಿಗೇರಿಸಿದಳು. "ಅವ್ವ ಅಂದ್ಳು, ನಿನಗ ಓದು ಬಂದೈತಿ, ಚಿಂತಿಲ್ಲ ಅಂತ ಅಕ್ಕೋರ ಹೇಳ್ಯಾರ, ಎರಡು ತಿಂಗಳು ಬಿಟ್ರ ಏನಾಗಲ್ಲ ಅಂತ."

ಅಂದರೆ ಮಾರ್ಚ್. ಆಮೇಲೆ ರಜೆ, ಜೂನಿಗೆ ಮೂರನೆಯ ತರಗತಿ. ಮೂರು ದಾಟಿದರೆ ನಲಿ-ಕಲಿ ಕೋಣೆಯಿಂದ ಹೊರಗೆ, ದೊಡ್ಡ ಪುಸ್ತಕಗಳ ನಡುವೆ. ಅಲ್ಲಿ ಅಕ್ಷರ ಬಾರದ ಮಗು ಹಿಂದಿನ ಸಾಲಿನಲ್ಲಿ ಸುಮ್ಮನೆ ಕೂರುವುದನ್ನು ಕಲಿಯುತ್ತದೆ. ಆಮೇಲೆ ಬರುವುದನ್ನೇ ಬಿಡುತ್ತದೆ. ಅಂಥವರನ್ನು ಹನ್ನೊಂದು ವರ್ಷದಲ್ಲಿ ಶಿವಕುಮಾರಿ ಕಂಡಿದ್ದಳು. ಈ ಮಗುವನ್ನು ಆ ದಾರಿಗೆ ಹಚ್ಚಿದ್ದು ಮುದುಕಮ್ಮನ ಬಡತನ ಅಷ್ಟೇ ಅಲ್ಲ, ಟೀಚರಿನ ಬಾಯಿಂದ ಬಂದ ಒಂದು ಮಾತು.

ಶನಿವಾರ ಬೆಳಗಿನ ಶಾಲೆ ಮುಗಿಸಿ ಮುದುಕಮ್ಮನ ಓಣಿಯ ತನಕ ಹೋದಳು. ನಾಲ್ಕು ಮಂದಿಯ ಮುಂದೆ ಹೊಗಳಿದ್ದನ್ನು ಹೇಗೆ ವಾಪಸು ತೆಗೆದುಕೊಳ್ಳುವುದು? ನಲ್ಲಿಯ ಬಳಿ ಹೆಂಗಸರು ತಿರುಗಿ ನೋಡಿದರು. ಅಲ್ಲಿಂದಲೇ ಹಿಂದಕ್ಕೆ ತಿರುಗಿ, ಕ್ರಾಸಿನವರೆಗೆ ಓಡುವ ಹಾಗೆ ನಡೆದು, ಬಂದ ಬಸ್ಸು ಹತ್ತಿದಳು. ಸೀಟು ಖಾಲಿಯಿದ್ದರೂ ಲಿಂಗಸುಗೂರಿನವರೆಗೆ ನಿಂತೇ ಬಂದಳು. ಮನೆಯಲ್ಲಿ ಒಗೆದ ಬಟ್ಟೆಯನ್ನೇ ಮತ್ತೆ ಒಗೆಯಲು ನೆನೆಹಾಕಿದಳು. ಮರುದಿನ ಏಳೂವರೆಗೆ ಅವಳು ಚಪ್ಪಲಿ ಮೆಟ್ಟಿದಾಗ ಗುರುಬಸವ ಹೇಳಿದ.

"ಇವತ್ತ ಐತವಾರ ಐತಿ."

"ಗೊತ್ತೈತಿ."

ಮುದುಕಮ್ಮ ಅಂಗಳದಲ್ಲಿ ಪಾತ್ರೆಗಳನ್ನು ಒಂದರೊಳಗೊಂದು ಇಟ್ಟು ಚೀಲಕ್ಕೆ ತುಂಬುತ್ತಿದ್ದಳು. ಸಿದ್ದರಾಮ ಮಣ್ಣಿನಲ್ಲಿ ಕೂತು ಸೌಟು ನೆಕ್ಕುತ್ತಿದ್ದ. ಅಜ್ಜಿ ಕಟ್ಟೆಯ ಮೇಲಿದ್ದಳು. ಟೀಚರನ್ನು ನೋಡಿ ಮುದುಕಮ್ಮ ಗಡಬಡಿಸಿ ಎದ್ದು ಚಾಪೆ ಹಾಸಿದಳು. ಶಿವಕುಮಾರಿ ಕೂರಲಿಲ್ಲ. ನಿಂತಲ್ಲೇ, ಪೀಠಿಕೆಯಿಲ್ಲದೆ ಹೇಳಿದಳು.

"ಮುದುಕಮ್ಮ, ಮಹೇಶ್ವರಿಗೆ ಓದು ಬಂದಿಲ್ರೀ. ನಾ ಅವತ್ತು ಹೇಳಿದ್ದು ತಪ್ಪು."

ಮುದುಕಮ್ಮ ನಂಬದೆ ನಕ್ಕಳು. "ಏನ್ ಮಾತಾಡ್ತೀರಿ ಅಕ್ಕೋರ! ದಿನಾ ಓದಿ ಹೇಳ್ತಾಳ. ಬಾರಬೇ ಇಲ್ಲಿ ಮಹೇಶ್ವರಿ, ಓದು."

ಮಗಳು ಒಳಗಿನಿಂದ ಹಳೆಯ ಪುಸ್ತಕ ತಂದು, ಬೆರಳು ಓಡಿಸುತ್ತ ಒಂದು ಪುಟ ಗಡಗಡನೆ ಹೇಳಿದಳು.

"ನೋಡ್ರಿ, ಓದಿದ್ಲಲ್ಲ!"

ಕಟ್ಟೆಯ ಮೇಲಿನ ಅಜ್ಜಿಯೂ ತಲೆದೂಗಿದಳು. ಶಿವಕುಮಾರಿ ದಂಗಾಗಿ ನಿಂತಳು. ಅಕ್ಷರ ಗೊತ್ತಿಲ್ಲದವಳಿಗೆ, ಕಿವಿಗೆ ಬಿದ್ದದ್ದು ಓದಲ್ಲ ಎಂದು ತೋರಿಸುವುದು ಹೇಗೆ? ಬದನೆಕಾಯಿ, ಬಾಳೆಹಣ್ಣು ಇಲ್ಲಿ ನಡೆಯುವುದಿಲ್ಲ. ಅಂಗಳದಲ್ಲಿ ಎರಡು ಸುತ್ತು ಹಾಕಿದಳು. ಆಮೇಲೆ ಚೀಲದಿಂದ ಕಾಗದ ತೆಗೆದು ಎರಡು ಪದ ಬರೆದು, ಮುದುಕಮ್ಮನ ಕಿವಿಯ ಹತ್ತಿರ ಬಾಗಿದಳು.

"ಇದರಾಗ 'ಸೌಟು ಕೊಡು' ಅಂತ ಬರದೀನಿ. ನೀವು ಬಾಯಿ ಬಿಡಬ್ಯಾಡ್ರಿ."

ಕಾಗದ ಮಗಳ ಕೈಗೆ ಹೋಯಿತು. "ಇದರಾಗ ಬರದಂಗ ಮಾಡವ್ವ."

ಮಹೇಶ್ವರಿ ಕಾಗದ ನೋಡಿದಳು. ಅವ್ವನನ್ನು ನೋಡಿದಳು. ಟೀಚರನ್ನು ನೋಡಿದಳು. ಬೆರಳು ಕಾಗದದ ಮೇಲೆ ಇತ್ತು. "ಅಜ್ಜ ಸಂತೆಗೆ..." ಎಂದು ಶುರುಮಾಡಿ ನಿಂತಳು. ಸೌಟು ತಮ್ಮನ ಬಾಯಲ್ಲಿ, ಅವಳಿಂದ ಎರಡು ಮೊಳ ದೂರದಲ್ಲಿ ಇತ್ತು. ಕೊನೆಗೆ ಕಾಗದವನ್ನು ನೆಲಕ್ಕೆ ಬಿಟ್ಟು ಒಳಗೆ ಓಡಿಹೋದಳು. ಕದದ ಹಿಂದೆ ಅಳುವುದು ಕೇಳಿಸಿತು.

ಮುದುಕಮ್ಮನ ಮುಖದಲ್ಲಿನ ನಗೆ ಆರಿತು.

"ಹಂಗಾರ ನಾಕು ಮಂದಿ ಮುಂದ ಹೇಳಿದ್ದು ಸುಳ್ಳೇನ್ರೀ?"

"ಸುಳ್ಳಲ್ಲ. ನನಗ ಗೊತ್ತಾಗಲಿಲ್ಲ. ತಪ್ಪು."

"ನನ್ನ ಮಗಳಿಗೆ ಎರಡಕ್ಕೂ ಏನ್ ಫರಕು ಐತ್ರಿ?" ಪಾತ್ರೆಯ ಚೀಲವನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದಳು. "ಪಗಾರ ತಗೊಂಡು ದಿನಾ ಮಗ್ಗಲದಾಗ ಕುಂದ್ರಿಸ್ಕೊಂಡವ್ರು ನೀವು. ನಿಮಗ ಗೊತ್ತಾಗಲಿಲ್ಲ ಅಂದ್ರ ನನಗ ಹೆಂಗ ಗೊತ್ತಾಗಬೇಕು?"

ಶಿವಕುಮಾರಿ ಒಂದು ಹೆಜ್ಜೆ ಮುಂದೆ ಬಂದಳು. "ಎರಡು ತಿಂಗಳು ಕರಕೊಂಡು ಹೋಗಬ್ಯಾಡ್ರಿ. ಆಕಿನ್ನ ನನ್ನ ಹಂತ್ಯಾಕ ಬಿಡ್ರಿ. ಈಗ ಬಿಟ್ರ ಮುಂದ ಹಿಡಿಯಾಕ ಆಗಲ್ಲ."

"ಕೂಸನ್ನ ಯಾರ್ ಹಿಡಿತಾರ? ನಮ್ಮತ್ತಿ ಕುಂತಲ್ಲೇ ಕಾಯ್ತಾಳ, ಓಡಿದ್ರ ಬೆನ್ನತ್ತಾಕ ಕಣ್ಣು ಕಾಣಲ್ಲ. ಗದ್ದಿ ಬದುವಿನ್ಯಾಗ ಬಿಟ್ಟು ನಾ ಬಗ್ಗಿ ನೆಲ್ಲು ಹಚ್ಚಲೇನು? ನೀರಾಗ ಬಿದ್ರ?"

"ಶಾಲಿಗೆ ಕರಕೊಂಡು ಬರ್ಲಿ."

ಯೋಚಿಸದೆ ಬಂದ ಮಾತು. ಅಂಗನವಾಡಿಯವರೇ ಮೂರು ವರ್ಷ ತುಂಬದ ಮಗುವನ್ನು ದಿನವಿಡೀ ಇಟ್ಟುಕೊಳ್ಳುವುದಿಲ್ಲ. ಅಮರಗುಂಡಪ್ಪನವರ ಮುಖ ಕಣ್ಣೆದುರು ಬಂತು. ಆದರೂ ಮಾತನ್ನು ವಾಪಸು ತೆಗೆಯಲಿಲ್ಲ. ಒಂದೇ ದಿನ ಎರಡು ಮಾತು ವಾಪಸು ತೆಗೆಯುವುದು ಅವಳಿಂದ ಆಗುತ್ತಿರಲಿಲ್ಲ.

ಮುದುಕಮ್ಮ ಹೊರಗೆ ಹೋದಳು. ಸುಮಾರು ಅರ್ಧ ಗಂಟೆ ಬರಲಿಲ್ಲ. ಶಿವಕುಮಾರಿ ಅಂಗಳದಲ್ಲಿ ಓಡಾಡಿದಳು, ಸಿದ್ದರಾಮನ ಬಾಯಿಂದ ಮಣ್ಣು ತೆಗೆದಳು, ಕದದ ಹತ್ತಿರ ನಿಂತು "ತಪ್ಪು ನಿಂದಲ್ಲವ್ವ, ನಂದು" ಎಂದಳು.

ಮುದುಕಮ್ಮ ಹಿಂದಿರುಗಿದಾಗ ಅವಳ ನಿರ್ಧಾರವಾಗಿತ್ತು. "ಲಾಲ್‌ಸಾಬನ ಗಾಡಿ ದಿನಾ ಹೆಣ್ಣಾಳು ಕರಕೊಂಡು ಹೋಗಿ ಸಂಜಿಗೆ ತಂದು ಬಿಡ್ತೈತಿ. ಅದರಾಗ ಹೋಗ್ತೀನಿ. ಮುಂಜಾನಿ ನಮ್ಮತ್ತಿ ನೋಡ್ಕೋತಾಳ, ಆಮ್ಯಾಲೆ ನಿಮ್ಮ ಶಾಲಿ. ಒಂದು ತಿಂಗಳು ಅಷ್ಟ. ತಿಂಗಳದಾಗ ಬರಲಿಲ್ಲಂದ್ರ ಮೆಣಸಿನಕಾಯಿಗೆ ನನ್ನ ಕೂಡ ಬರ್ತಾಳ. ಬಂತೋ ಇಲ್ಲೋ, ಈ ಸಲ ನೀವು ಹೇಳಬ್ಯಾಡ್ರಿ. ನಾನ ನೋಡ್ತೀನಿ."

"ನೀವು ಹೆಂಗ..."

"ಅದನ್ನ ನನಗ ಬಿಡ್ರಿ."

ಸೋಮವಾರ ಮಹೇಶ್ವರಿ ತಮ್ಮನನ್ನು ಸೊಂಟದ ಮೇಲಿಟ್ಟುಕೊಂಡು ಬಂದಳು. ಅಮರಗುಂಡಪ್ಪನವರು ಬಾಗಿಲಲ್ಲಿ ನಿಂತು ಮಗುವನ್ನು ಮೇಲಿಂದ ಕೆಳಗೆ ನೋಡಿದರು. "ಬರ್ರಿ ಸಾಹೇಬ್ರ. ಮೇಡಂ, ಇವಂದು ಹಾಜರಿ ಎಲ್ಲಿ ಹಾಕ್ಲಿ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋದರು. ಮಧ್ಯಾಹ್ನ ಅವರ ಕುರ್ಚಿಯ ದಿಂಬು ನಲಿ-ಕಲಿ ಕೋಣೆಯ ಮೂಲೆಗೆ ಬಂದಿತ್ತು.

ಶಿವಕುಮಾರಿ ತನ್ನ ಕೆಲಸವನ್ನು ಬುಡದಿಂದ ಬದಲಿಸಿದಳು. ಗಟ್ಟಿಯಾಗಿ ಓದಿಸುವುದನ್ನು ನಿಲ್ಲಿಸಿದಳು. ದಿನಾ ಬೆಳಿಗ್ಗೆ ಚಿಕ್ಕ ಚೀಟಿಗಳನ್ನು ಬರೆದು ತರುವಳು: "ಕಿಟಕಿ ತೆಗೆ", "ಎರಡು ಕಲ್ಲು ತಾ", "ಬಾಗಿಲ ಹಿಂದೆ ನಿಲ್ಲು". ಮಗು ಚೀಟಿ ತೆಗೆದು ಬಾಯಿ ಬಿಡದೆ ಓದಬೇಕು, ಬರೆದದ್ದನ್ನು ಮಾಡಬೇಕು, ಅಷ್ಟೇ. ಕೇಳಿ ಕಲಿಯಲು ಅಲ್ಲಿ ಏನೂ ಇರಲಿಲ್ಲ. ಸಂಜೆ ಆ ಚೀಟಿಗಳನ್ನು ಹರಿದು ಹಾಕುವಳು, ಮರುದಿನ ಹೊಸವು. ಕೋಣೆ ಸಂತೆಯಾಯಿತು. ಒಬ್ಬ ಕಿಟಕಿಗೆ ಓಡಿದರೆ ಇನ್ನೊಬ್ಬ ಕಲ್ಲು ತರಲು ಅಂಗಳಕ್ಕೆ. "ಹೆಡ್‌ಮಾಸ್ತರಿಗೆ ನಮಸ್ಕಾರ ಹೇಳು" ಎಂಬ ಚೀಟಿ ಬಂದ ದಿನ ಅಮರಗುಂಡಪ್ಪನವರು ನಾಲ್ಕು ಸಲ ನಮಸ್ಕಾರ ಸ್ವೀಕರಿಸಿ, ಐದನೆಯದಕ್ಕೆ ಒಳಗಿನಿಂದ ಚಿಲಕ ಹಾಕಿಕೊಂಡರು. ಸಿದ್ದರಾಮ ಚೀಟಿ ಸಿಕ್ಕರೆ ಬಾಯಿಗೆ ಹಾಕಿಕೊಳ್ಳುತ್ತಿದ್ದ.

ಅಕ್ಷರ ಬಾರದವರನ್ನು ಬೇರೆ ಕೂರಿಸಿ, ಅಗಲ ತಟ್ಟೆಯಲ್ಲಿ ಮರಳು ಹರಡಿ, ರ, ಗ, ಸ, ದ, ಅ ಎಂದು ಮೊದಲಿನಿಂದ ಬರೆಸಿದಳು. ಕಲಿತ ಐದೇ ಅಕ್ಷರದಿಂದ ಸರ, ಅರಸ, ಗರಗಸ ಎಂದು ಪದ ಕಟ್ಟಿಸಿದಳು. ಮಹೇಶ್ವರಿ ಅಲ್ಲಿ ಒಂದನೆಯ ತರಗತಿಯ ಮಕ್ಕಳ ಜೊತೆ ಕೂತಳು. ನಿನ್ನೆಯವರೆಗೆ ಎಲ್ಲರೆದುರು ಓದಿದವಳು. ಮೂರು ದಿನ ಟೀಚರಿನ ಜೊತೆ ಮಾತಾಡಲಿಲ್ಲ. ನಾಲ್ಕನೆಯ ದಿನ, ಇಬ್ಬರಿಗೆ ಒಂದೇ ಮಾತಿನ ಚೀಟಿ ಕೊಟ್ಟು ಯಾರು ಮೊದಲು ಎಂದು ನೋಡುವ ಆಟಕ್ಕೆ ಬಂದಳು. ಚೀಟಿಯ ಬದಲು ಗೌಸಿಯಾಳ ಕಣ್ಣು ಎತ್ತ ಹೋಗುತ್ತದೆ ಎಂದು ನೋಡಿ ಆ ಕಡೆ ಓಡಿದಳು. ಎರಡು ಸಲ ಗೆದ್ದಳು ಕೂಡ. ಶಿವಕುಮಾರಿಗೆ ಸಿಟ್ಟು ಬರಲಿಲ್ಲ, ಗಾಬರಿಯಾಯಿತು. ಇಷ್ಟು ಚುರುಕಾದ ತಲೆ ಅಕ್ಷರವನ್ನು ತಪ್ಪಿಸಿಕೊಳ್ಳಲು ಎಷ್ಟು ದುಡಿಯುತ್ತಿದೆ! ಮರುದಿನದಿಂದ ಇಬ್ಬರನ್ನೂ ಬೆನ್ನಿಗೆ ಬೆನ್ನು ಹಚ್ಚಿ ಕೂರಿಸಿದಳು.

ಸ್ಪರ್ಧೆಗೆ ಗೌಸಿಯಾ ಹೋಗಿ ಬಂದಳು. ಬಹುಮಾನ ಬರಲಿಲ್ಲ. ಬಿಸ್ಕಿಟ್ ಕೊಟ್ಟರಂತೆ.

ಎರಡು ವಾರ ಕಳೆದವು. ನೋಟ್‌ಬುಕ್ಕಿನಲ್ಲಿ ಮಹೇಶ್ವರಿಯ ಹೊಸ ಗೆರೆ ನೆಲಕ್ಕೆ ಅಂಟಿಕೊಂಡಿತ್ತು. ಶಿವಕುಮಾರಿ ಬಸ್ಸಿನಲ್ಲಿ ದಿನ ಎಣಿಸುವಳು. ತಿಂಗಳೆಂದರೆ ಮೂವತ್ತು ದಿನ, ರಜೆ ತೆಗೆದರೆ ಇಪ್ಪತ್ನಾಲ್ಕು, ಆದದ್ದು ಹನ್ನೆರಡು, ಬಂದ ಅಕ್ಷರ ಹದಿನಾರು, ಗುಣಿತಾಕ್ಷರ ಈಗಷ್ಟೇ ಶುರು. ಎಷ್ಟು ಸಲ ಭಾಗಿಸಿದರೂ ಸಾಲುತ್ತಿರಲಿಲ್ಲ. ಮೂರನೆಯ ವಾರ ಒಂದು ಮಧ್ಯಾಹ್ನ ಮಹೇಶ್ವರಿ ಒಂದು ಚೀಟಿಯನ್ನು ತುಂಬ ಹೊತ್ತು ಹಿಡಿದು ನಿಂತಳು. ತುಟಿ ಅಲುಗುತ್ತಿತ್ತು. ಆಮೇಲೆ ಮೆಲ್ಲಗೆ ಹೋಗಿ ತಮ್ಮನ ಮೂಗು ಹಿಡಿದು ಬಂದಳು. ಚೀಟಿಯಲ್ಲಿ ಇದ್ದದ್ದು ಅದೇ, "ಕೂಸಿನ ಮೂಗು ಹಿಡಿ". ಶಿವಕುಮಾರಿ "ಹೂಂ" ಎಂದು ಮುಂದಿನ ಚೀಟಿ ಕೊಟ್ಟಳು. ಹೊಗಳುವ ಮಾತು ನಾಲಿಗೆಯ ತುದಿಗೆ ಬಂದಿತ್ತು, ತಡೆದುಕೊಂಡಳು. ಸಂಜೆ ಕ್ರಾಸಿನಲ್ಲಿ ಎರಡು ಬಸ್ಸು ಬಿಟ್ಟು ಮೂರನೆಯದು ಹತ್ತಿದಳು. ಅಲ್ಲಿಯವರೆಗೆ ರಸ್ತೆಯ ಬದಿಯಲ್ಲಿ ಅತ್ತಿಂದಿತ್ತ ನಡೆದೇ ಇದ್ದಳು.

ಮುದುಕಮ್ಮ ತಿಂಗಳು ತುಂಬುವವರೆಗೆ ಕಾಯಲಿಲ್ಲ. ಇಪ್ಪತ್ತಾರನೆಯ ದಿನ ಅವಳಿಗೆ ಗದ್ದೆಯಲ್ಲಿ ಕೆಲಸವಿರಲಿಲ್ಲ. ಊಟದ ಗಂಟೆಗೆ ಮುಂಚೆ ನೇರ ಕೋಣೆಯ ಬಾಗಿಲಿಗೆ ಬಂದಳು. ಮೊಣಕಾಲ ತನಕ ಕೆಸರಿನ ಬಣ್ಣ ಇನ್ನೂ ಹೋಗಿರಲಿಲ್ಲ. ಸಿದ್ದರಾಮ ಅವಳನ್ನು ಕಂಡು ಪುಟ್ಟ ಹೆಜ್ಜೆಯಿಟ್ಟು ಓಡಿದ. ಅವನನ್ನು ಎತ್ತಿಕೊಂಡು, ಕುಪ್ಪಸದೊಳಗಿಂದ ನಾಲ್ಕು ಮಡಿಕೆಯ ಕಾಗದ ತೆಗೆದಳು.

"ಲಾಲ್‌ಸಾಬನ ಕೈಲೆ ಬರಸೀನಿ. ನಾ ಹೇಳಿದ್ದು, ಅವ ಬರದಾನ. ಮತ್ಯಾರಿಗೂ ಗೊತ್ತಿಲ್ಲ." ಟೀಚರ್ ಕೈ ಚಾಚಿದಳು. ಮುದುಕಮ್ಮ ಕಾಗದವನ್ನು ಹಿಂದಕ್ಕೆ ಎಳೆದುಕೊಂಡಳು. "ನೀವು ನೋಡಬ್ಯಾಡ್ರಿ. ಮಾರಿ ಆ ಕಡೆ ಮಾಡ್ರಿ."

ಶಿವಕುಮಾರಿ ಗೋಡೆಗೆ ಮುಖ ಮಾಡಿ ನಿಂತಳು. ಉಳಿದ ಮಕ್ಕಳು ತಾವಾಗಿ ಸುಮ್ಮನಾದರು. ಲಾಲ್‌ಸಾಬನ ಕೈಬರಹ ಹೇಗಿದೆಯೋ, ಒತ್ತಕ್ಷರ ಎಷ್ಟಿವೆಯೋ, ಮಹೇಶ್ವರಿಗೆ ಒತ್ತಕ್ಷರ ಇನ್ನೂ ಬಂದಿಲ್ಲವೆಂದು ಹೇಳಿಬಿಡಲೇ? ಕಾಲೇಜಿನಲ್ಲಿ ಮೂರು ವರ್ಷ ಅಳತೆ ಕಲಿತವಳು ತಾನು. ಇಷ್ಟು ಬಿಗಿಯಾದ ಪರೀಕ್ಷೆಯನ್ನು ತಾನೂ ಕಟ್ಟಿರಲಿಲ್ಲ. ಬೆರಳುಗಳು ಸೀರೆಯ ಅಂಚನ್ನು ಸುರುಳಿ ಸುತ್ತಿ ಬಿಚ್ಚುತ್ತಿದ್ದವು.

"ಓ...ಣಿ..." ಹಿಂದಿನಿಂದ ದನಿ ಬಂತು. ತುಂಬ ಹೊತ್ತು ಬಿಟ್ಟು, "ಯಾ...ಗ". ಮುಂದಿನ ಪದ ಬರಲಿಲ್ಲ. 'ಎಲ್ಲರೂ' ಎಂದಿರಬಹುದೇ, ಬಿಡು ಮುಂದೆ ಹೋಗು ಎನ್ನಲು ಶಿವಕುಮಾರಿಯ ಬಾಯಿ ತೆರೆಯಿತು. ಮುಚ್ಚಿಕೊಂಡಳು.

"ಅದೊಂದು ಬರವಲ್ದು" ಎಂದಳು ಮಹೇಶ್ವರಿ.

"ಬಿಟ್ಟು ಮುಂದ ಹೋಗು. ಬಿಟ್ಟೀದಿ ಅಂತ ನೆನಪಿಟ್ಕೋತೀನಿ" ಎಂದಳು ಅವ್ವ.

"ಅಂ...ತಾರ. ನೀ... ನಾ...ಕು ದಿ...ನ ಆ...ತು..." ಪದ ಪದಕ್ಕೂ ಬೆರಳು ನಿಲ್ಲುತ್ತಿತ್ತು. ನವೆಂಬರಿನಲ್ಲಿ ಸಭೆಯನ್ನೆಲ್ಲ ಮರುಳು ಮಾಡಿದ ಓಟದ ಗುರುತೂ ಆ ದನಿಯಲ್ಲಿ ಇರಲಿಲ್ಲ. "ಜ...ಳ...ಕ... ಮಾ...ಡಿ...ಲ..."

ದನಿ ನಿಂತಿತು. ಮಹೇಶ್ವರಿ ಮತ್ತೊಮ್ಮೆ ಆ ಸಾಲನ್ನು ಮೊದಲಿನಿಂದ ತುಟಿಯಲ್ಲೇ ಓದಿಕೊಂಡಳು. ಮರುಕ್ಷಣ ಕೋಣೆ ಬೆಚ್ಚುವ ಹಾಗೆ ಚೀರಿದಳು.

"ಮಾಡೀನಬೇ! ನಿನ್ನೆ ಮಾಡೀನಿ! ಬೇಕಾದ್ರ ಅಜ್ಜಿನ ಕೇಳು! ಸುಳ್ಳ ಬರಸ್ಯಾಳ್ರೀ ಟೀಚರ್ ಈಕಿ!"

ಮಕ್ಕಳು ಹೋ ಎಂದು ನಕ್ಕರು. ಶಿವಕುಮಾರಿ ತಿರುಗಿದಳು. ಮುದುಕಮ್ಮ ಮಗಳ ಕೆಂಪಾದ ಮುಖವನ್ನೇ ನೋಡುತ್ತ ನಿಂತಿದ್ದಳು. ನಗಲೂ ಇಲ್ಲ, ಟೀಚರಿನ ಕಡೆ ನೋಡಲೂ ಇಲ್ಲ. ಕಾಗದವನ್ನು ಮಗಳ ಕೈಯಿಂದ ತೆಗೆದುಕೊಂಡು ಮತ್ತೆ ಅದೇ ನಾಲ್ಕು ಮಡಿಕೆಗೆ ಮಡಚಿದಳು.

"ಒಂದು ಬಿಟ್ಟಾಳ" ಎಂದಳು.

"ಹೌದ್ರೀ. ಒತ್ತು ಇರೋ ಅಕ್ಷರ ಇನ್ನೂ ಬಂದಿಲ್ಲ."

"ಎಷ್ಟು ದಿನ ಬೇಕು ಅದಕ್ಕ?"

ಶಿವಕುಮಾರಿ ಒಂದು ಸಂಖ್ಯೆ ಹೇಳಲು ಹೊರಟು ತಡೆದಳು. "ಗೊತ್ತಿಲ್ರೀ" ಎಂದಳು.

ಮುದುಕಮ್ಮ ಸಿದ್ದರಾಮನನ್ನು ಸೊಂಟದಿಂದ ಇಳಿಸಿ ನೆಲದ ಮೇಲೆ, ಮರಳಿನ ತಟ್ಟೆಯ ಪಕ್ಕ ಕೂರಿಸಿದಳು. "ಹಂಗಾರ ಇವನೂ ಇಲ್ಲೇ ಇರ್ಲಿ. ಮೆಣಸಿನಕಾಯಿಗೆ ನಾ ಒಬ್ಬಾಕಿನ ಹೋಗಿ ಬರ್ತೀನಿ" ಎಂದು ಹೇಳಿ, ಕೆಸರುಗಾಲಿನಲ್ಲೇ ಜಗುಲಿ ಇಳಿದು ಹೋದಳು.

ಮಹೇಶ್ವರಿ ಇನ್ನೂ ಗೊಣಗುತ್ತಿದ್ದಳು. ಬೇರೆ ಯಾರಿಗೆ ಚೀಟಿ ಬೇಕೆಂದು ಕೇಳುತ್ತ ಶಿವಕುಮಾರಿ ಮುಂದಿನ ಗುಂಪಿನ ಕಡೆ ನಡೆದಳು. ಅಲ್ಲಿ, ಓದು ಬಂತೆಂದು ಅವಳು ತಪ್ಪಾಗಿ ಗುರುತು ಹಾಕಿದ್ದ ಇನ್ನೂ ಎಂಟು ಮಕ್ಕಳಿದ್ದರು.